ನೆಲಕ್ಕಂಟಿದ ಕಿಟಕಿಯ ಆರ್ಕಿಟೆಕ್ಟ್ ಯಾರು?

“ಈ ಮನೆಯ ಆರ್ಕಿಟೆಕ್ಟ್ ಯಾರು?”

ಪುಣೆಯಿಂದ ಫೋನು ಮಾಡಿದ್ದ ಹೆಣ್ಣುಮಗಳು ಹೀಗೆ ಕೇಳಿದಾಗ ನನ್ನ ಅಕ್ಕ ರಬಕವಿಯ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಮೆಂತೆ ಪಲ್ಲೆ ಸೋಸುತ್ತಿದ್ದಳು. ಫೋನು ಸ್ಪೀಕರ್‌ನಲ್ಲಿತ್ತು. ಅಕ್ಕ ತಲೆ ಎತ್ತಲೇ ಇಲ್ಲ.

“ಗೌಂಡಿ ಕಟ್ಟ್ಯಾನರೀ.”

“ಹೆಸರು?”

“ಯಾರಿಗ್ಗೊತ್ತು? ಸತ್ತು ಎಷ್ಟೋ ಕಾಲ ಆತು.”

ಪಕ್ಕದಲ್ಲಿದ್ದ ನಾನು ಹಣೆ ಹಣೆ ಚಚ್ಚಿಕೊಂಡೆ. ಅಲ್ಲ, ಮನೆ ಮಾರಲು ಹೊರಟವರು ಹೀಗಾ ಮಾತಾಡುವುದು?

ಮೊದಲಿನಿಂದ ಹೇಳುತ್ತೇನೆ. ನಮ್ಮ ಶಾಂತಕ್ಕನನ್ನು ಕೊಟ್ಟದ್ದು ರಬಕವಿಯ ನೇಕಾರರ ಮನೆತನಕ್ಕೆ. ಹಿಂದೆ ಕೈಮಗ್ಗ, ಆಮೇಲೆ ಸೀರೆ ವ್ಯಾಪಾರ, ಈಗ ಊರಾಚೆಯ ಶೆಡ್ಡಿನಲ್ಲಿ ಪವರ್‌ಲೂಮ್. ಅಣ್ಣತಮ್ಮಂದಿರ ಆಸ್ತಿ ವಾಟಣಿ ಜಗಳವಿಲ್ಲದೆ ಮುಗಿದಿದೆ (ಇದೇ ಒಂದು ದೊಡ್ಡ ಸುದ್ದಿ). ಎಲ್ಲರೂ ಬೇರೆ ಬೇರೆ ಮನೆ ಕಟ್ಟಿಕೊಂಡಿದ್ದಾರೆ. ಹಳೇ ಮನೆಯನ್ನು ಮೂರು ತುಂಡು ಮಾಡಲು ಬರುವುದಿಲ್ಲವಲ್ಲ, ಮಾರಿ ಹಂಚಿಕೊಳ್ಳೋಣ ಅಂತ ತೀರ್ಮಾನವಾಯಿತು. ಅಕ್ಕನೂ ಒಪ್ಪಿದ್ದಳು. ಅಷ್ಟು ದೊಡ್ಡ ಮನೆಯ ಕಸ ಹೊಡೆದು ಹೊಡೆದು ಅವಳ ಸೊಂಟ ಬಿದ್ದಿತ್ತು. ಆ ಮನೆಯ ಮೇಲೆ ಅವಳಿಗೆ ಕವಿತೆ ಬರೆಯುವಂಥ ಪ್ರೀತಿಯೇನೂ ಇರಲಿಲ್ಲ.

ಸಮಸ್ಯೆ ಶುರುವಾದದ್ದು ಅವಳ ಮೈದುನ ಬಸಣ್ಣ ಕಟ್ಟಿಗೆ ವ್ಯಾಪಾರಿಯೊಬ್ಬನನ್ನು ಕರೆತಂದಾಗ. ಆತ ಮನೆಯನ್ನು ನೋಡಲೇ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಕಂಬಗಳಿಗೆ ಬೆರಳ ಗೆಣ್ಣಿನಿಂದ ಬಡಿದ. ತೊಲೆ ನೋಡಿದ, ಜಂತಿ ನೋಡಿದ, ಬಾಗಿಲ ಚೌಕಟ್ಟಿನ ಕೆತ್ತನೆಯ ಮೇಲೆ ಉಗುರು ಆಡಿಸಿದ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಇದಕ್ಕಿಂತ ಮರ್ಯಾದೆಯಿಂದ ನೋಡುತ್ತಾರೆ.

“ಸಾಗವಾನಿ ಛಲೋ ಐತ್ರಿ. ನನಗ ಕಟಗಿ ಸಾಕು. ಗ್ವಾಡಿ ನೀವ ಏನರ ಮಾಡ್ಕೋರಿ” ಅಂದ.

ಅಂದರೆ? ಕಂಬ, ತೊಲೆ, ಬಾಗಿಲು ಬಿಚ್ಚಿಕೊಂಡು ಹೋಗುತ್ತಾನೆ. ಅವು ಯಾವುದೋ ಊರಿನ ರೆಸಾರ್ಟಿನಲ್ಲಿ ನಿಲ್ಲುತ್ತವೆ. ಇಲ್ಲಿ ಮಣ್ಣಿನ ಗುಡ್ಡೆ ಉಳಿಯುತ್ತದೆ. ಅಕ್ಕನ ಹೊಸ ಮನೆ ಇರುವುದು ಎಲ್ಲಿ ಅಂದುಕೊಂಡಿರಿ? ಅದೇ ಓಣಿಯಲ್ಲಿ, ಹಳೇ ಮನೆಗೆ ಎದುರುಬದುರು. ಸದ್ಯ ಅವಳು ಇರುವುದು ಹಳೇ ಮನೆಯಲ್ಲೇ, ಮಾರಿದ ಮೇಲೆ ಅಲ್ಲಿಗೆ ಹೋಗುವುದು.

ಆ ಸಂಜೆ ಅಕ್ಕ ನನಗೆ ಫೋನು ಮಾಡಿದಳು. ಸಾಮಾನ್ಯವಾಗಿ ಗದರುವವಳು, ಅಂದು ದನಿ ಇಳಿದಿತ್ತು. “ಮಾರಾಕ ನಾ ಒಲ್ಲೆ ಅನ್ನಂಗಿಲ್ಲೋ ತಮ್ಮಾ. ಆದರ ಎದುರಿಗೆ ಕುಂತು ಚಾ ಕುಡಕೋತ ಅದರ ಎಲುವು ಒಂದೊಂದ ಕೀಳೂದು ನೋಡ್ಲೇನು? ನನ್ನ ಕಡೆ ಆಗೂದಿಲ್ಲ. ಇದ್ದಂಗ ಇಟಗೊಂಡು ಬಾಳೇವು ಮಾಡಾವ್ರು ಯಾರರೆ ಸಿಗತಾರೇನು ನೋಡು.”

ಬಸಣ್ಣ ಕೆಟ್ಟವನಲ್ಲ. ದೀಪಾವಳಿಯ ತನಕ ಸಮಯ ಕೊಟ್ಟ. ಅಷ್ಟರೊಳಗೆ ಇಡೀ ಮನೆ ಕೊಳ್ಳುವವರು ಸಿಕ್ಕರೆ ಅವರಿಗೆ, ಇಲ್ಲದಿದ್ದರೆ ಕಟ್ಟಿಗೆಯವನಿಗೆ. ನಾನು ಇಂಟರ್‌ನೆಟ್ ಜಾಲಾಡಿ, ಹಳೇ ಮನೆಗಳನ್ನು ಮಾತ್ರ ಮಾರಿಕೊಡುವ ಪುಣೆಯ ಒಂದು ವೆಬ್‌ಸೈಟ್ ಹುಡುಕಿದೆ. ಫೋಟೋ ಕಳಿಸಿದೆ. ಅದನ್ನು ನಡೆಸುವ ಮೇಡಂ ಖುಷಿಯಾಗಿ ಫೋನು ಮಾಡಿದಾಗಲೇ ಮೇಲಿನ ಸಂಭಾಷಣೆ ನಡೆದದ್ದು.

ಮೇಡಂ ಆಮೇಲೆ ನನಗೆ ಬಿಡಿಸಿ ಹೇಳಿದರು. ಹಳೇ ಮನೆ ಕೊಳ್ಳುವವರು ಮೊದಲು ಕೇಳುವುದೇ ‘ಯಾರು ಡಿಸೈನ್ ಮಾಡಿದ್ದು’ ಅಂತ. ಹೆಸರಿದ್ದರೆ ಅದು ಹೆರಿಟೇಜ್. ಹೆಸರಿಲ್ಲದಿದ್ದರೆ ಓಲ್ಡ್ ಮಟೀರಿಯಲ್. ಹೆಸರಿರುವ ಮನೆಯನ್ನು ಉಳಿಸಿಕೊಳ್ಳುತ್ತಾರೆ, ಹೆಸರಿಲ್ಲದ್ದನ್ನು ಬಿಚ್ಚುತ್ತಾರೆ.

ಮನುಷ್ಯರ ವಿಷಯದಲ್ಲೂ ಹಾಗೇ ಅಲ್ಲವೇ ಅಂತ ಒಂದು ದೊಡ್ಡ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಮೊದಲು ಹೆಸರು ಬೇಕಿತ್ತು.

ಬಸಣ್ಣನನ್ನು ಕೇಳಿದೆ. ಎದೆಯುಬ್ಬಿಸಿ ಹೇಳಿದ. “ಇದು ಸಾದಾ ಮನಿ ಅಲ್ಲರೀ ಮಾಮಾ. ಜಮಖಂಡಿ ವಕೀಲರ ವಾಡೆ ನೋಡಿ ಕಟ್ಟಿದ್ದು. ಡಿಟ್ಟೋ ಡಿಟ್ಟೋ!”

ನೋಡಿ, ಬೇರೆ ಕಡೆ ಕಾಪಿ ಹೊಡೆದದ್ದನ್ನು ಮುಚ್ಚಿಡುತ್ತಾರೆ. ನಮ್ಮಲ್ಲಿ ಅದೇ ಜಂಬ. ಟೇಲರ್ ಅಂಗಡಿಯಲ್ಲಿ ಗೌಡರ ಸೊಸೆಯ ಜಂಪರ್ ತೋರಿಸಿ ‘ಇಂಥಾದ್ದ ಹೊಲಿ’ ಅನ್ನುತ್ತೇವೆ. ಮನೆಗೂ ಅದೇ ಪದ್ಧತಿ. ಗೌಂಡಿಯನ್ನು ಬಂಡಿ ಹತ್ತಿಸಿಕೊಂಡು ಹೋಗಿ ಒಂದು ಮನೆ ತೋರಿಸುವುದು, ಇಂಥಾದ್ದೇ ಕಟ್ಟು ಅನ್ನುವುದು. ಅವನು ಒಂದು ಸುತ್ತು ಹಾಕಿ, ಹಗ್ಗದಲ್ಲಿ ಅಳೆದು, ಊರಿಗೆ ಬಂದು ಖಾಲಿ ಜಾಗದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದ. ಮನೆಯವರು ಆ ಗೆರೆಗಳ ನಡುವೆ ಓಡಾಡಿ ನೋಡುತ್ತಿದ್ದರು. ಪ್ಲ್ಯಾನು ಅಂದರೆ ಅಷ್ಟೇ. ಪಾಯ ತೋಡಿದೊಡನೆ ಅದು ಮಾಯ.

ನಾನಿರುವುದೇ ಜಮಖಂಡಿಯಲ್ಲಿ. ವಕೀಲರ ವಾಡೆಯ ಮುಂದೆ ಸಾವಿರ ಸಲ ಹಾದುಹೋಗಿದ್ದೇನೆ, ಒಳಗೆ ಹೋಗಿರಲಿಲ್ಲ. ಮುಂಭಾಗದಲ್ಲಿ ಈಗ ಜೆರಾಕ್ಸ್ ಅಂಗಡಿ. ವಕೀಲರ ಮೊಮ್ಮಗ, ತಹಶೀಲ್ದಾರ್ ಕಚೇರಿಯ ನೌಕರ, ಒಳಗೆ ಕರೆದ. ಹೋದವನು ನಿಂತುಬಿಟ್ಟೆ. ಅದೇ ನಡುಮನೆ, ಅದೇ ಬೆಳಕಿಂಡಿ, ಅದೇ ಕಂಬ. ಅಷ್ಟೇ ಅಲ್ಲ, ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಅದೇ ಕುಳ್ಳ ಕಿಟಕಿ!

ಆ ಕಿಟಕಿಯ ಬಗ್ಗೆ ಹೇಳಲೇಬೇಕು. ಅಕ್ಕನ ಮನೆಯಲ್ಲಿ ಎಲ್ಲ ಸರಿಯಿದೆ, ಅದೊಂದು ಮಾತ್ರ ವಿಚಿತ್ರ. ನೆಲಕ್ಕೆ ಅಂಟಿಕೊಂಡು ಶುರುವಾಗಿ ಮೊಣಕಾಲಿಗೆ ಮುಗಿಯುತ್ತದೆ. ನಿಂತರೆ ಕಾಣುವುದಿಲ್ಲ, ಬಗ್ಗಿದರೆ ತಲೆ ತೂರುವುದಿಲ್ಲ. “ಬೆಕ್ಕು ಬರಾಕ ಒಂದು ಹಾದಿ” ಅಂತ ಅಕ್ಕ ಮದುವೆಯಾದಾಗಿನಿಂದ ಅದನ್ನು ಬೈಯುತ್ತಿದ್ದಾಳೆ.

“ಇದೇನ್ರಿ ಇಷ್ಟು ಕೆಳಗೆ?” ಅಂತ ವಕೀಲರ ಮೊಮ್ಮಗನನ್ನು ಕೇಳಿದೆ.

“ಅಜ್ಜಾರು ನೆಲದ ಮ್ಯಾಲೆ ಕುಂತು ಪೂಜಾ ಮಾಡತಿದ್ರಲ್ಲರೀ, ಗಾಳಿ ಬರಲಿ ಅಂತ.”

“ದೇವರ ಮನೆ ಆ ಕಡೆ ಇದೆಯಲ್ಲ?”

“ಹೌದಲ್ಲಾ...” ಅಂದ ಅವನು, ಅದೇ ಮೊದಲ ಸಲ ನೋಡುವವನಂತೆ. ಆಮೇಲೆ ಚಹಾ ತರಿಸಿದ. ಡಿಸೈನು ಯಾರದು ಅಂದರೆ, “ನಮ್ಮದು ಮುಧೋಳದ್ದು ನೋಡಿ ಕಟ್ಟಿದ್ದರೀ. ನಮ್ಮ ಅಜ್ಜಿ ತವರುಮನಿ ಅಲ್ಲೇ” ಅಂದುಬಿಟ್ಟ.

ಸರಿ, ಮುಧೋಳ. ಸಂಸ್ಥಾನದ ಕಾಲದ ಅಧಿಕಾರಿಯೊಬ್ಬರ ಮನೆ. ಈಗ ಅಲ್ಲಿರುವುದು ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಒಬ್ಬರು. ಮನೆಯನ್ನು ಕನ್ನಡಿಯಂತೆ ಇಟ್ಟಿದ್ದಾರೆ. ಒಳಗೆ ಕಾಲಿಟ್ಟವನೇ ನಾನು ಮೊದಲು ನೋಡಿದ್ದು ನೆಲದತ್ತ. ಇದೆ! ಅಲ್ಲೂ ಇದೆ! ಅದಕ್ಕೊಂದು ಚೆಂದದ ಹಿತ್ತಾಳೆ ಜಾಲರಿ ಬೇರೆ ಹಾಕಿಸಿದ್ದಾರೆ.

“ಅದು ನಾಯಿ ಕಿಡಕಿ” ಅಂದರು ಟೀಚರು, ಪಾಠ ಮಾಡುವ ದನಿಯಲ್ಲಿ. “ಮುಧೋಳ ನಾಯಿ ಅಂದ್ರ ಏನಂತ ತಿಳದೀರಿ? ಸೈನ್ಯದಾಗ ಅದಾವು. ನಮ್ಮ ಮಾವನವರ ಕಾಲಕ್ಕ ಬ್ಯಾಟಿಗೆ ಹೋಗಿ ಬಂದ ನಾಯಿ ಸೀದಾ ಇದರಾಗ ಹಾದು ಒಳಗ ಬಂದು ಹಾಲು ಕುಡಿತಿತ್ತು.”

“ಅಡಿಗೆ ಮನಿಯೊಳಗ ನಾಯಿ ಬಿಡತಿದ್ರೇನ್ರಿ, ಟೀಚರ?”

ಅವರ ಕನ್ನಡಕ ಮೂಗಿನ ತುದಿಗಿಳಿಯಿತು. ನನಗೆ ನಾಲ್ಕನೆಯ ಕ್ಲಾಸಿನ ನೆನಪಾಯಿತು.

“ಈಗ ನಾಯಿ ಐತೇನ್ರಿ?” ಅಂತ ಮಾತು ತಿರುಗಿಸಿದೆ.

“ಪೊಮೇರಿಯನ್ ಐತಿ. ಸೋಫಾ ಬಿಟ್ಟು ಇಳಿಯಂಗಿಲ್ಲ.”

ಆರ್ಕಿಟೆಕ್ಟ್ ಯಾರು? ಅವರಿಗೂ ಗೊತ್ತಿಲ್ಲ. ಆದರೆ ಬೀಳಗಿಯಲ್ಲಿ ವ್ಯಾಪಾರಸ್ಥರ ಮನೆಯೊಂದಿದೆಯಂತೆ, ಅದೇ ಒರಿಜಿನಲ್ ಅಂತೆ, ಅವರ ಮಾವ ಅದನ್ನು ನೋಡಿ ಮರುಳಾಗಿದ್ದರಂತೆ.

ಬೀಳಗಿಗೆ ಹೋಗುವ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಕಾರ್ಖಾನೆಗಳು ಆಗಷ್ಟೇ ಶುರುವಾಗಿದ್ದವು. ಒಂದೊಂದಕ್ಕೂ ಜೋಡಿ ಟ್ರೇಲರು, ಓವರ್‌ಟೇಕ್ ಮಾಡುವ ಹಾಗಿಲ್ಲ. ಬೈಕಿನ ಮೇಲೆ ಅವುಗಳ ಹಿಂದೆ ತೆವಳುತ್ತ ನನಗೆ ಒಂದೇ ಯೋಚನೆ. ಇಷ್ಟು ಮಂದಿ ಬುದ್ಧಿವಂತರು ಇಷ್ಟು ಅವಿವೇಕದ ಕಿಟಕಿಯನ್ನು ಯಾಕೆ ಇಡಿಸಿಕೊಂಡರು?

ಬೀಳಗಿಯ ಮನೆಯವರದು ಗೊಬ್ಬರದ ಅಂಗಡಿ. ಯಜಮಾನರಿಗೆ ಗಿರಾಕಿಗಳ ಗದ್ದಲ. ಕಿಟಕಿ ಎಲ್ಲಿ ಅಂದರೆ, ಫ್ರಿಜ್ ಸರಿಸಿ ತೋರಿಸಿದರು. “ಕಳ್ಳ ಬಂದ್ರ ಕಾಲು ಕಾಣಲಿ ಅಂತ ಇಟ್ಟಾರರೀ” ಅಂದರು. ಕಳ್ಳ ಅಡುಗೆಮನೆಗೇ ಯಾಕೆ ಬರುತ್ತಾನೆ ಅಂತ ಕೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕೊನೆಯ ಪ್ರಶ್ನೆ ಕೇಳಿದೆ. ಇದನ್ನು ಯಾವ ಮನೆ ನೋಡಿ ಕಟ್ಟಿದ್ದು?

“ರಬಕವಿಯೊಳಗ ನೇಕಾರರ ಮನಿ ಒಂದ ಐತಂತ್ರಿ. ಅದನ್ನ ನೋಡಿ ಕಟ್ಟಿದ್ದಂತ.”

ನಾನು ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟೆ.

ಲೆಕ್ಕ ಹಾಕಿ ನೋಡಿ. ರಬಕವಿಯದು ಜಮಖಂಡಿಯ ಕಾಪಿ. ಜಮಖಂಡಿಯದು ಮುಧೋಳದ ಕಾಪಿ. ಮುಧೋಳದ್ದು ಬೀಳಗಿಯ ಕಾಪಿ. ಬೀಳಗಿಯದು ರಬಕವಿಯ ಕಾಪಿ. ಹಾಗಾದರೆ ಒರಿಜಿನಲ್ ಎಲ್ಲಿ? ಎಲ್ಲವೂ ಕಾಪಿಯೇ ಆದರೆ ಮೊದಲು ಕಟ್ಟಿದವನು ಯಾರನ್ನು ನೋಡಿ ಕಟ್ಟಿದ? ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಸೀದಾ ಅಕ್ಕನ ಮನೆಗೆ ಬಂದೆ. ಸಿಟ್ಟು, ಹಸಿವು, ಮೈತುಂಬ ಧೂಳು. ನನ್ನ ಅವತಾರ ನೋಡಿ ಅಕ್ಕ ಏನೂ ಕೇಳದೆ ಪಡಸಾಲೆಯಲ್ಲೇ ತಾಟು ಇಟ್ಟು ರೊಟ್ಟಿ, ಝುಣಕ ಬಡಿಸಿದಳು. ತಿನ್ನುತ್ತ ಎಲ್ಲ ಹೇಳಿದೆ. ಪೂಜೆಯ ಗಾಳಿ ಅಂದಾಗ ಇನ್ನೊಂದು ರೊಟ್ಟಿ ಹಾಕಿದಳು. ನಾಯಿ ಅಂದಾಗ ಸೆರಗು ಬಾಯಿಗೆ ಹಿಡಿದು ನಕ್ಕಳು. ಕಳ್ಳನ ಕಾಲು ಅಂದಾಗ ನಗು ನಿಲ್ಲಿಸಿ ಕೇಳಿದಳು.

“ಅಲ್ಲೋ, ಆ ಮನಿಯಾಗೆಲ್ಲ ಮಗ್ಗ ಇದ್ವೇನು?”

“ಯಾವ ಮಗ್ಗ?”

“ಕುಣಿ ಮಗ್ಗ. ಈ ಕಿಡಕಿ ಮುಂದ ಇತ್ತಲ್ಲ, ಈಗ ನೀ ಕುಂತ ಜಾಗಾದಾಗ. ನಾ ಮದುವಿಯಾಗಿ ಬಂದಾಗ ಕುಣಿ ಮುಚ್ಚಿ ಫರಸಿ ಹಾಕಿಸಾಕತ್ತಿದ್ರು.”

ತುತ್ತು ಕೈಯಲ್ಲೇ ಉಳಿಯಿತು. ಕೆಳಗೆ ನೋಡಿದೆ. ಹೌದು, ನಾನು ಕೂತಲ್ಲಿ ಮಾತ್ರ ಕಲ್ಲಿನ ಬಣ್ಣ ಬೇರೆ.

ನೇಯ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುಣಿ ಮಗ್ಗದಲ್ಲಿ ನೇಯುವವನು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡುತ್ತಾನೆ. ಅವನ ಕೈ ಆಡುವುದೇ ನೆಲದ ಹತ್ತಿರ. ಮನೆಯ ಹೆಂಗಸು ರಾಟಿಯಲ್ಲಿ ನೂಲು ಸುತ್ತಿ ಕಂಡಿಕೆ ಮಾಡಿ ಕೊಡುತ್ತಲೇ ಇರಬೇಕು. ಕಂಡಿಕೆ ಮುಗಿದರೆ ಮಗ್ಗ ನಿಂತಿತು. ಒಲೆಯ ಮೇಲೆ ಅನ್ನ, ಮಡಿಲಲ್ಲಿ ಕೂಸು, ಆ ಕಡೆ ಗಂಡನ ಕೂಗು. ಪ್ರತಿ ಸಲ ಎದ್ದು ಸುತ್ತುಹಾಕಿ ಹೋಗುವ ಬದಲು, ಒಲೆಯ ಮುಂದೆ ಕೂತಲ್ಲಿಂದಲೇ ಕೈ ಚಾಚಿ ಕೊಡಲು ಒಂದು ಕಿಟಕಿ. ಅವನ ಕೈಯೆತ್ತರಕ್ಕೆ, ಅವಳ ಕೈಯೆತ್ತರಕ್ಕೆ.

ವಕೀಲರ ಮನೆಯಲ್ಲಿ ಮಗ್ಗವಿಲ್ಲ. ಅಧಿಕಾರಿಯ ಮನೆಯಲ್ಲಿಲ್ಲ, ವ್ಯಾಪಾರಸ್ಥರಲ್ಲೂ ಇಲ್ಲ. ಅಂದರೆ ಒರಿಜಿನಲ್ ಇದೇ! ನೇಕಾರರ ಮನೆಯನ್ನು ನೋಡಿ ದೊಡ್ಡವರೆಲ್ಲ ಕಟ್ಟಿಸಿಕೊಂಡರು. ‘ಡಿಟ್ಟೋ’ ಅಂದದ್ದಕ್ಕೆ ಗೌಂಡಿ ಕಿಟಕಿಯನ್ನೂ ಡಿಟ್ಟೋ ಇಟ್ಟ. ನೇಕಾರರು ಮಾತ್ರ ‘ನಮ್ಮದು ಜಮಖಂಡಿಯದರ ಕಾಪಿ’ ಅಂತ ಹೇಳಿಕೊಂಡು ತಿರುಗಿದರು. ದೊಡ್ಡ ಊರಿನವರು ನಮ್ಮನ್ನು ನೋಡಿ ಕಲಿತಾರು ಅಂತ ನಾವು ಕನಸಿನಲ್ಲಾದರೂ ನಂಬುತ್ತೇವೆಯೇ?

“ಇದನ್ನ ಮೊದಲ ಯಾಕ ಹೇಳಲಿಲ್ಲಕ್ಕಾ? ಬೀಳಗಿ ತನಕ ಹೋಗಿ ಬಂದೆ!”

“ನೀ ಆರ್ಕಿಟೆಕ್ಟ್ ಕೇಳಿದಿ. ಕಿಡಕಿ ಯಾವಾಗ ಕೇಳಿದಿ?”

ಅಷ್ಟರಲ್ಲಿ ಬಸಣ್ಣ ಬಂದ. ಮನೆ ಕಟ್ಟಿಸಿದವರು ಯಾರು ಅಂದರೆ ಅಪ್ಪ, ಅಜ್ಜ, ಮುತ್ತಜ್ಜನ ತನಕ ಗಂಡಸರ ಹೆಸರು ಗಡಗಡ ಹೇಳಿದ. ಕಟ್ಟಿಸಿದ್ದು ಮುತ್ತಜ್ಜ.

“ಮುತ್ತಜ್ಜನ ಹೆಂಡತಿ ಹೆಸರು?” ಅಂದಳು ಅಕ್ಕ.

ಬಸಣ್ಣ ಒಳಗಿದ್ದ ಅಣ್ಣನನ್ನು, ಅಂದರೆ ನಮ್ಮ ಭಾವನನ್ನು ಕೂಗಿ ಕೇಳಿದ. (ಪವರ್‌ಲೂಮಿನ ಸದ್ದಿನಲ್ಲಿ ಬದುಕಿದವರು, ಕೂಗಿಯೇ ಕೇಳಬೇಕು.) ಭಾವ ಪಡಸಾಲೆಗೆ ಬಂದು, “ಆಯಿ ಅಂತಿದ್ರು” ಅಂದರು.

“ಎಲ್ಲಾರ ಮನ್ಯಾಗೂ ಮುದುಕಿಗೆ ಆಯಿನ ಅಂತಾರ. ಹೆಸರೇನು?”

ಯಾರಿಗೂ ಗೊತ್ತಿಲ್ಲ. ನನಗೇಕೋ ನಾಚಿಕೆಯಾಯಿತು. ನನ್ನ ಮುತ್ತಜ್ಜಿಯ ಹೆಸರು? ನನಗೂ ಗೊತ್ತಿಲ್ಲ. ನಿಮಗೆ?

ಅಕ್ಕ ಕಿಟಕಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಇಷ್ಟು ವರ್ಷ ಬೈದ ಕಿಟಕಿಯ ಚೌಕಟ್ಟನ್ನು ಸೆರಗಿನಿಂದ ಒರೆಸಿದಳು. “ಮಗ್ಗದಾಗ ಕುಂತ ಗಂಡಸಿಗೆ ಇದು ಹೊಳಿಯೂ ಮಾತಲ್ಲ. ಅಂವಗೇನು, ‘ಕಂಡಿಕಿ ತಾ’ ಅಂದ್ರ ಬರತಿತ್ತು. ಎದ್ದು ಎದ್ದು ಮೊಣಕಾಲು ಹೋದಾಕಿ ಹೇಳಿರಬೇಕು, ಇಲ್ಲೊಂದು ಕಿಂಡಿ ಇಡಸ್ರಿ ಅಂತ. ಆ ಸುಣ್ಣದ ಗೆರಿ ಮ್ಯಾಲ ನಿಂತು ಹೇಳಿರಬೇಕು.”

ಆಗಲೇ ಪುಣೆಯ ಮೇಡಂ ಫೋನು! ನಾನು ಉತ್ಸಾಹದಿಂದ ಎಲ್ಲ ವರದಿ ಒಪ್ಪಿಸಿದೆ. ಅವರಿಗೆ ಖುಷಿಯಾಯಿತು. ಆದರೂ ಹಳೇ ಪಲ್ಲವಿ. ‘ಇಂಟರೆಸ್ಟಿಂಗ್, ಆದರೆ ಆರ್ಕಿಟೆಕ್ಟ್ ಹೆಸರು?’

ನಾನು ತೊದಲುತ್ತಿದ್ದೆ. ಅಕ್ಕ ಫೋನು ಕಿತ್ತುಕೊಂಡಳು. ಸೀರೆ ವ್ಯಾಪಾರದಲ್ಲಿ ಪಳಗಿದ ಮರಾಠಿಯಲ್ಲಿ, ಒಂದು ಚೂರೂ ತಡವರಿಸದೆ ಹೇಳಿದಳು.

“ಗಂಗವ್ವ. ಬರಕೋರಿ. ಗಂಗವ್ವ.”

ಫೋನು ಇಟ್ಟ ಮೇಲೆ ನಾವು ಮೂವರು ಗಂಡಸರು ಅವಳನ್ನೇ ನೋಡಿದೆವು. ಯಾವ ಗಂಗವ್ವ? ಎಲ್ಲಿಂದ ಬಂದಳು?

“ಆ ಕಾಲಕ್ಕ ಮನಿಗೊಬ್ಬಾಕಿ ಗಂಗವ್ವ ಇದ್ದ ಇರತಿದ್ಲು” ಅಂದು ತಾಟು ಎತ್ತಿಕೊಂಡು ಹೋದಳು.

ಮರುದಿನ ವೆಬ್‌ಸೈಟಿನಲ್ಲಿ ಫೋಟೋ ಬಂತು. ಕೆಳಗೆ ದಪ್ಪಕ್ಷರದಲ್ಲಿ ‘ಡಿಸೈನ್: ಗಂಗವ್ವ’. ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ವಾಸ್ತುಶಿಲ್ಪ ಓದುವ ಹುಡುಗಿಯೊಬ್ಬಳು ಫೋನು ಮಾಡಿ, ಗಂಗವ್ವನವರ ಬೇರೆ ಕೆಲಸಗಳು ಎಲ್ಲಿವೆ ಅಂತ ಕೇಳಿದಳು. ಜಮಖಂಡಿಯ ವಕೀಲರ ಮೊಮ್ಮಗ, ತಮ್ಮ ವಾಡೆಗೂ ಅದೇ ಹೆಸರು ಹಾಕಿಸಲು ಬರುತ್ತದೆಯೇ ಅಂತ ವಿಚಾರಿಸಿದ. ಮುಧೋಳದ ಟೀಚರಂತೂ, “ನಮ್ಮತ್ತಿಯವರು ಗಂಗವ್ವನ ಸುದ್ದಿ ಭಾಳ ಹೇಳತಿದ್ರು” ಅಂದರು. (ನಾಯಿ ಎಲ್ಲಿ ಹೋಯಿತೋ!) ಟೀಚರು ಸುಳ್ಳು ಹೇಳುವವರಲ್ಲ. ಹಾಗಾದರೆ ಅಕ್ಕ ಬಾಯಿಗೆ ಬಂದದ್ದು ಹೇಳಿದಳೋ, ಇಲ್ಲ ಯಾವತ್ತೋ ಕೇಳಿದ ಹೆಸರೊಂದು ಬಾಯಿಗೆ ಬಂತೋ? ಕೇಳಿದರೆ, “ನನಗೂ ತಿಳೀವಲ್ದು” ಅನ್ನುತ್ತಾಳೆ.

ದೀಪಾವಳಿಗೆ ಮೊದಲೇ ಕೊಲ್ಹಾಪುರದ ಡಾಕ್ಟರ್ ದಂಪತಿ ಬಂದರು. ಮನೆ ನೋಡಿದರು. ಡಾಕ್ಟರಮ್ಮ ಕಿಟಕಿಯ ಮುಂದೆ ಬಹಳ ಹೊತ್ತು ನೆಲದ ಮೇಲೆ ಕೂತಿದ್ದರು. ಒಂದು ಕಂಬವನ್ನೂ ಅಲುಗಿಸುವುದಿಲ್ಲ, ರಜೆಗೆ ಬಂದು ಇರುತ್ತೇವೆ ಅಂದರು. ಮಾತುಕತೆ ಮುಗಿದಿದೆ, ನೋಂದಣಿಯೊಂದು ಬಾಕಿ. ಕಟ್ಟಿಗೆ ವ್ಯಾಪಾರಿಗೆ ಬಸಣ್ಣನೇ ಫೋನು ಮಾಡಿ ಬರಬೇಡ ಅಂದ. ಅಕ್ಕ ಅಂದು ಹೋಳಿಗೆ ಮಾಡಿದ್ದಳು.

ನಾನೂ ತಿಂದೆ. ಆದರೆ ವಾರವಾರ ಈ ಪೇಪರಿನ ಅಂಕಣದಲ್ಲಿ ಕೂತು ಊರಿಗೆಲ್ಲ ಸತ್ಯ ಹೇಳಿ ಅನ್ನುವವನು ನಾನು. ಈ ಹೆಸರಿನ ಕಥೆಯನ್ನು ನಿಮ್ಮಿಂದ ಮುಚ್ಚಿಡಲೇ? ಬರೆದರೆ ಡಾಕ್ಟರು ಹಿಂದೆ ಸರಿದಾರು, ಕಟ್ಟಿಗೆಯವನು ಮತ್ತೆ ಬಂದಾನು. ಬರೆಯದಿದ್ದರೆ ನನಗೆ ನಿದ್ದೆ ಬಾರದು. ಯಾವುದು ಸರಿ? ನನಗಿನ್ನೂ ತಿಳಿದಿಲ್ಲ. ಕೊನೆಗೆ ಅಕ್ಕನನ್ನೇ ಕೇಳಿದೆ.

“ಬರಿ. ಅವರು ಕನ್ನಡ ಪೇಪರ್ ಓದಂಗಿಲ್ಲ ಬಿಡು” ಅಂದಳು ಮೊದಲು. ಆಮೇಲೆ ಅವಳಿಗೇ ಸಮಾಧಾನವಾಗಲಿಲ್ಲ. “ಓದಿದ್ರೂ ಓದಲಿ. ಡಾಕ್ಟರಬಾಯಿಗೆ ನಾನ ಹೇಳತೇನಿ” ಅಂದಳು.

“ಹೆಸರು ಸುಳ್ಳು ಅಂತ ಹೇಳತೀ ಏನು?”

ಅಕ್ಕ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು.

“ಹೆಸರು ಸುಳ್ಳಿರಬಹುದೋ ತಮ್ಮಾ. ಆಕಿ ಸುಳ್ಳೇನು?”